ಒಂದು ವರ್ಷದ ಭಾಷಾ ಕೆಲಸವನ್ನು ಕಟ್ಟುವುದು ಹೇಗೆ?

(ಕುಮಟೆಯಲ್ಲಿ ಪ್ರಾಥಮಿಕ ಶಿಕ್ಷಕ ತರಬೇತಿಯ (ಡಿ.ಎಲ್.ಇಡಿ) ವಿದ್ಯಾರ್ಥಿಗಳು ಮತ್ತು ಹೊಸದಾಗಿ ಸೇವೆಗೆ ಸೇರಿದ ಪ್ರಾಥಮಿಕ ಶಾಲಾ ಶಿಕ್ಷಕರ ಮುಂದೆ ಆಡಿದ ಮಾತುಗಳ ಬರಹ ರೂಪ)

ಜೂನ್ ಬಂತು ಅಂದರೆ ನಿಮ್ಮಲ್ಲಿ ಹಲವರು ಮೊದಲ ಸಲ ಒಂದು ತರಗತಿಯ ಹೊಣೆ ಹೊರುತ್ತೀರಿ. ಕೈಗೆ ಏನೇನು ಬರುತ್ತದೆ? ಆಡುತ್ತ ಕಲಿಯುವ ನಲಿ-ಕಲಿ ಪದ್ಧತಿಯ ಕಾರ್ಡುಗಳು, ಪಠ್ಯಪುಸ್ತಕ, ವಾರ್ಷಿಕ ಪಾಠ ಹಂಚಿಕೆಯ ನಮೂನೆ, ಹಾಜರಿ ಪುಸ್ತಕ. ಇವುಗಳಲ್ಲಿ ಯಾವ ತಿಂಗಳು ಯಾವ ಪಾಠ ಅನ್ನುವುದು ಸಿಗುತ್ತದೆ. ನಿಮ್ಮ ಮುಂದೆ ಕೂತ ಮಗು ಮನೆಯಲ್ಲಿ ಯಾವ ಭಾಷೆ ಆಡುತ್ತದೆ, ಅದಕ್ಕೆ ಯಾವ ಕಥೆ ಗೊತ್ತು, ಯಾವ ಹಾಡು ಬಾಯಲ್ಲಿದೆ, ಯಾವ ಅಕ್ಷರ ಬಂದಿದೆ, ಯಾವುದು ಬಂದಿಲ್ಲ – ಇದನ್ನು ಯಾರೂ ಬರೆದು ಕೊಟ್ಟಿರುವುದಿಲ್ಲ. ಇಷ್ಟನ್ನೂ ಸೇರಿಸಿ ಒಂದು ವರ್ಷದ ಕೆಲಸವನ್ನು ಕಟ್ಟಬೇಕಾದವರು ನೀವು. ಅದನ್ನೇ ನಾನು ಭಾಷಾ ಕಾರ್ಯಕ್ರಮ ಅನ್ನುತ್ತೇನೆ. ಪಾಠ ಮಾಡುವುದನ್ನು ನಾವು ತರಬೇತಿಯಲ್ಲಿ ಚೆನ್ನಾಗಿಯೇ ಕಲಿಸುತ್ತೇವೆ. ಈ ಕಟ್ಟುವ ಕೆಲಸವನ್ನು ಅಷ್ಟಾಗಿ ಕಲಿಸುವುದಿಲ್ಲ. ಇವತ್ತು ಅದರ ಬಗ್ಗೆಯೇ ಮಾತಾಡುತ್ತೇನೆ.

ಮೊದಲು ನಮ್ಮ ಉತ್ತರ ಕನ್ನಡ ಜಿಲ್ಲೆಯನ್ನೇ ನೋಡಿ. ಕಾರವಾರದ ಕಡಲ ದಂಡೆಯ ಶಾಲೆಯಲ್ಲಿ ಮಕ್ಕಳ ಮನೆಮಾತು ಹೆಚ್ಚಾಗಿ ಕೊಂಕಣಿ. ಭಟ್ಕಳಕ್ಕೆ ಹೋದರೆ ನವಾಯತಿ, ಉರ್ದು. ಅಂಕೋಲಾ, ಕುಮಟೆಯ ಹಾಲಕ್ಕಿ ಕೊಪ್ಪಗಳಲ್ಲಿ ಹಾಲಕ್ಕಿಯವರ ಕನ್ನಡ. ಶಿರಸಿ, ಸಿದ್ದಾಪುರದ ತೋಟದ ಮನೆಗಳಲ್ಲಿ ಹವಿಗನ್ನಡ. ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ಸಿದ್ದಿಯರ ಕೊಂಕಣಿ, ಗೌಳಿಗರ ಮರಾಠಿ. ಇವರೆಲ್ಲರ ಕೈಗೂ ಒಂದೇ ಕನ್ನಡ ಪುಸ್ತಕ ಬರುತ್ತದೆ. ಪುಸ್ತಕದ ತಪ್ಪೇನೂ ಇಲ್ಲ. ಇಡೀ ರಾಜ್ಯಕ್ಕೆ ಬರೆದ ಪುಸ್ತಕ ನಿಮ್ಮ ಊರಿನ ಮಗುವನ್ನು ನೋಡಿ ಬರೆದದ್ದಾಗಿರಲು ಸಾಧ್ಯವೇ ಇಲ್ಲ. ಆ ಎರಡರ ನಡುವಿನ ಜಾಗ ತುಂಬುವವರು ಶಿಕ್ಷಕರು.

ಕಾನೂನು ಕೂಡ ಇದನ್ನೇ ಹೇಳುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ತೆರೆದು ನೋಡಿ. ಸಾಧ್ಯವಾದ ಮಟ್ಟಿಗೂ ಕಲಿಸುವ ಮಾಧ್ಯಮ ಮಗುವಿನ ಮಾತೃಭಾಷೆಯಾಗಿರಬೇಕು ಎಂದಿದೆ. ನಾಲ್ಕು ಮನೆಮಾತು ಇರುವ ಒಂದು ಕೋಣೆಯಲ್ಲಿ ಇದನ್ನು ಹೇಗೆ ಮಾಡುವುದು ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಾಲ್ಕು ಭಾಷೆಯಲ್ಲಿ ಪಾಠ ಮಾಡಲು ಆಗುವುದಿಲ್ಲ. ನಾಲ್ಕು ಭಾಷೆಗೂ ತರಗತಿಯಲ್ಲಿ ಜಾಗ ಕೊಡಲು ಖಂಡಿತ ಆಗುತ್ತದೆ.

ಹೀಗಾಗಿ ನಿಮ್ಮ ಮೊದಲ ಎರಡು ವಾರದ ಕೆಲಸ ಕೇಳಿಸಿಕೊಳ್ಳುವುದು. ಒಂದು ನೋಟ್ ಪುಸ್ತಕ ಇಟ್ಟುಕೊಳ್ಳಿ. ಒಬ್ಬೊಬ್ಬ ಮಗುವಿಗೆ ಒಂದು ಪುಟ. ಮಗು ಅಮ್ಮನ ಹತ್ತಿರ ಯಾವ ಭಾಷೆಯಲ್ಲಿ ಮಾತಾಡುತ್ತದೆ, ಅಜ್ಜಿಯ ಹತ್ತಿರ ಯಾವುದರಲ್ಲಿ, ಅಂಗಡಿಯಲ್ಲಿ ಯಾವುದರಲ್ಲಿ, ಆಟದಲ್ಲಿ ಯಾವುದರಲ್ಲಿ? ಇದನ್ನು ಪ್ರಶ್ನೆ ಕೇಳಿ ತುಂಬಿಸಬೇಡಿ. ಬಿಸಿಯೂಟದ ಸಾಲಿನಲ್ಲಿ ಕೂತು ಕೇಳಿ. ನಲ್ಲಿಯ ಹತ್ತಿರ ನಿಂತು ಕೇಳಿ. ತರಗತಿಯಲ್ಲಿ ಬಾಯಿ ತೆರೆಯದ ಹುಡುಗ ಊಟದ ತಟ್ಟೆ ತೊಳೆಯುವಾಗ ಪಕ್ಕದವನಿಗೆ ಬಲೆ ಹೇಗೆ ಹರಿಯಿತು, ಅಪ್ಪ ಅದನ್ನು ಹೇಗೆ ನೇಯ್ದ ಅಂತ ಒಂದೇ ಉಸಿರಿಗೆ ಹೇಳುವುದನ್ನು ನಾನು ಎಷ್ಟೋ ಶಾಲೆಗಳಲ್ಲಿ ಕಂಡಿದ್ದೇನೆ. ಅವನ ಹೆಸರಿನ ಮುಂದೆ 'ಮಾತು ಕಡಿಮೆ' ಅಂತ ಬರೆದಿರುತ್ತಾರೆ. ಅವನಲ್ಲಿ ಮಾತಿಗೇನೂ ಕೊರತೆ ಇರುವುದಿಲ್ಲ. ನಾವು ಕೇಳುವ ಭಾಷೆಯಲ್ಲಿ ಅವನಿಗೆ ಅದಿನ್ನೂ ಬಂದಿರುವುದಿಲ್ಲ, ಅಷ್ಟೇ.

ಇಲ್ಲೇ ವ್ಯಾಕರಣದ ಒಂದು ವಿಷಯ ಹೇಳಿಬಿಡುತ್ತೇನೆ. ಸ್ವಲ್ಪ ದಾರಿ ಬಿಟ್ಟು ಹೋದ ಹಾಗೆ ಕಾಣಬಹುದು, ಆದರೆ ಮುಖ್ಯ. ಶಿರಸಿ ಕಡೆಯ ಹವ್ಯಕ ಮನೆಯ ಮಗು 'ಅಕ್ಕ ಬಂತು' ಅಂತ ಬರೆಯುತ್ತದೆ. ನೀವು ಕೆಂಪು ಪೆನ್ನು ತೆಗೆದು 'ಬಂದಳು' ಅಂತ ತಿದ್ದುತ್ತೀರಿ. ಮಗುವಿಗೆ ಏನು ತಪ್ಪಾಯಿತು ಅಂತ ತಿಳಿಯುವುದೇ ಇಲ್ಲ. ಯಾಕೆಂದರೆ ಹವಿಗನ್ನಡದಲ್ಲಿ ಅಮ್ಮ, ಅಕ್ಕ ಎಲ್ಲರಿಗೂ 'ಬಂತು' ಎಂದೇ ಹೇಳುವುದು. ಅದು ಆ ಭಾಷೆಯ ನಿಯಮ. ಮಗು ನಿಯಮ ಪಾಲಿಸಿದೆ. ಕಾರವಾರದ ಮಗುವಿನ ಕಥೆ ಬೇರೆ. ಕೊಂಕಣಿಯಲ್ಲಿ ವಸ್ತುಗಳಿಗೂ ಲಿಂಗ ಇದೆ. ಮರ ಗಂಡು, ನದಿ ಹೆಣ್ಣು, ಮನೆ ನಪುಂಸಕ. ಕನ್ನಡಕ್ಕೆ ಬಂದರೆ ಮೂರೂ 'ಅದು'. ಈ ಮಗು ಬಾಯಿ ತೆರೆಯುವ ಮೊದಲು ಎಷ್ಟು ಲೆಕ್ಕ ಹಾಕಬೇಕು, ಯೋಚಿಸಿ. ಇದು ಗೊತ್ತಿದ್ದ ಶಿಕ್ಷಕಿ ಬೈಯುವುದಿಲ್ಲ. ಬೋರ್ಡಿನ ಮೇಲೆ ಎರಡು ವಾಕ್ಯ ಪಕ್ಕಪಕ್ಕ ಬರೆಯುತ್ತಾರೆ. 'ಮನೆಯಲ್ಲಿ ಹೀಗೆ ಹೇಳ್ತೇವೆ, ಪುಸ್ತಕದಲ್ಲಿ ಹೀಗೆ ಬರೀತೇವೆ' ಅನ್ನುತ್ತಾರೆ. ಮೂರನೇ ತರಗತಿಯ ಮಗುವಿಗೆ ಇಷ್ಟು ಸಾಕು. ಅದೇ ಬೇರೆ ಉದಾಹರಣೆ ಹುಡುಕಿಕೊಂಡು ಬರುತ್ತದೆ.

ಈಗ ಮಾತಿನ ಕೆಲಸಕ್ಕೆ ಬರೋಣ. ಒಂದನೇ, ಎರಡನೇ ತರಗತಿಯಲ್ಲಿ ಮಾತು ಅಂದರೆ ಪದ್ಯ ಹೇಳಿಸುವುದು, 'ನಿನ್ನ ಹೆಸರೇನು' ಅಂತ ಕೇಳುವುದು – ಇಷ್ಟಕ್ಕೇ ನಿಂತುಬಿಡುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ಭಾಷಾ ಕಾರ್ಯಕ್ರಮದ ತಳಪಾಯ ಇಲ್ಲಿದೆ. ಮಗುವಿಗೆ ಕಿವಿಯಲ್ಲಿ ಅರ್ಥವಾಗದ ವಾಕ್ಯ ಕಣ್ಣಲ್ಲಿ ಅರ್ಥವಾಗುವುದಿಲ್ಲ. ಅಕ್ಷರ ಕೂಡಿಸಿ ಓದೀತು, ಓದಿದ್ದು ಏನು ಅಂತ ಕೇಳಿದರೆ ಮುಖ ನೋಡುತ್ತದೆ.

ಕಡಲ ದಂಡೆಯ ಒಂದು ಶಾಲೆಯಲ್ಲಿ ಒಬ್ಬ ಅಕ್ಕೋರು, ಅಂದರೆ ಶಿಕ್ಷಕಿ, ಒಂದು ವಾರ ಮಾಡಿದ ಕೆಲಸವನ್ನು ಹೇಳುತ್ತೇನೆ. ಹಿಂದಿನ ದಿನ ಊರಿನಲ್ಲಿ ರಂಪಣಿ ಬಲೆ ಎಳೆದಿದ್ದರು. ಮಕ್ಕಳೆಲ್ಲ ಅಲ್ಲೇ ಇದ್ದರು. ಬೆಳಿಗ್ಗೆ ಬಂದವರ ಬಾಯಲ್ಲಿ ಅದೇ ಮಾತು. ಅಕ್ಕೋರು ಪುಸ್ತಕ ಮುಚ್ಚಿಟ್ಟರು. 'ನನಗೆ ಬಲೆ ಎಳೆಯೋದು ಗೊತ್ತಿಲ್ಲ, ನೀವೇ ಹೇಳಿ' ಅಂದರು. ಘಟ್ಟದ ಮೇಲಿನಿಂದ ಬಂದವರು, ನಿಜವಾಗಿಯೂ ಗೊತ್ತಿರಲಿಲ್ಲ. ಮಕ್ಕಳು ಕೊಂಕಣಿಯಲ್ಲಿ, ಕನ್ನಡದಲ್ಲಿ, ಎರಡೂ ಬೆರೆಸಿ ಹೇಳಿದರು. ಒಬ್ಬ ಎದ್ದು ನಿಂತು ಎಳೆದು ತೋರಿಸಿದ. 'ಮೊದಲು ಏನು? ಆಮೇಲೆ?' – ಇವರು ಕೇಳಿದ್ದು ಇಷ್ಟೇ. ಮರುದಿನ ಅದೇ ಮಾತನ್ನು ಮತ್ತೆ ಹೇಳಿಸಿ, ಮಕ್ಕಳು ಹೇಳಿದ ಹಾಗೆಯೇ ಬೋರ್ಡಿನ ಮೇಲೆ ಬರೆದರು.

ದೋಣಿ ಬಲೆ ತಗೊಂಡು ಹೋಯ್ತು.
ಅರ್ಧ ಸುತ್ತು ಬಲೆ ಬಿಟ್ಟರು.
ಈ ಕಡೆ ಹಗ್ಗ, ಆ ಕಡೆ ಹಗ್ಗ.
ಎಲ್ಲರೂ ಎಳೆದರು.
ಬಂಗಡೆ ಬಂತು, ತಾರ್ಲೆ ಬಂತು.

ಐದು ಸಾಲು. ಮಕ್ಕಳಿಗೆ ಅದು ಬಾಯಿಗೆ ಬಂದದ್ದೇ, ಯಾಕೆಂದರೆ ಅದು ಅವರ ಮಾತು. ಅಕ್ಕೋರು ಬೆರಳಿಟ್ಟು ಓದಿದರು, ಮಕ್ಕಳು ಜತೆಗೆ ಓದಿದರು. ಆಮೇಲಿನ ದಿನ ಅದನ್ನು ಪಟ್ಟಿಗಳಾಗಿ ಕತ್ತರಿಸಿ ಕೊಟ್ಟರು. ಮಕ್ಕಳು ಸಾಲುಗಳನ್ನು ಸರಿಯಾದ ಕ್ರಮಕ್ಕೆ ಇಟ್ಟರು. 'ಬಲೆ' ಎಲ್ಲೆಲ್ಲಿದೆ ಹುಡುಕಿದರು. 'ಬಂಗಡೆ', 'ಬಲೆ', 'ಬಂತು' – ಮೂರಕ್ಕೂ ಒಂದೇ ಅಕ್ಷರ ಮೊದಲು ಬರುತ್ತದೆ ಅಂತ ಒಬ್ಬಳು ಹುಡುಗಿ ಕಂಡುಹಿಡಿದಳು. ಶುಕ್ರವಾರದ ಹೊತ್ತಿಗೆ ಪ್ರತಿಯೊಬ್ಬರೂ ಒಂದು ಚಿತ್ರ ಬರೆದು, ಕೆಳಗೆ ತಮ್ಮದೇ ಒಂದು ಸಾಲು ಬರೆದಿದ್ದರು. ಮಾತು, ಓದು, ಅಕ್ಷರ, ಬರಹ ನಾಲ್ಕೂ ಒಂದೇ ವಾರದಲ್ಲಿ, ಒಂದೇ ವಿಷಯದ ಸುತ್ತ ಬಂದವು. ಇಂಥ ವಾರ ತಿಂಗಳಿಗೆ ಒಂದಾದರೂ ಇರಲಿ. ಉಳಿದ ವಾರಗಳಲ್ಲಿ ಪುಸ್ತಕ, ಕಾರ್ಡು ನಡೆಯಲಿ. ಎರಡಕ್ಕೂ ಜಗಳ ಇಲ್ಲ.

ಅಕ್ಷರದ ವಿಷಯದಲ್ಲಿ ನಮಗೆ ಒಳ್ಳೆಯ ಅಡಿಪಾಯ ಈಗಾಗಲೇ ಇದೆ. ನಲಿ-ಕಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಯಿತು. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ ಕಾರ್ಡುಗಳನ್ನು ತಾವೇ ಕೂತು ಬರೆದರು. 2009ರಿಂದ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. 'ಅ ಆ ಇ ಈ' ಬಿಟ್ಟು 'ರ ಗ ಸ ದ ಅ' ಅಂತ ಯಾಕೆ ಶುರು ಮಾಡುತ್ತೇವೆ? ಆ ಅಕ್ಷರಗಳ ತಿರುವು ಒಂದಕ್ಕೊಂದು ಹತ್ತಿರ, ಬರೆಯಲು ಸುಲಭ. ಐದು ಬಂದ ಕೂಡಲೇ ಸರ, ದರ, ಅರಸ, ಗರಗಸ ಅಂತ ಓದಬಹುದು. ವರ್ಣಮಾಲೆ ಪೂರ್ತಿ ಆಗುವ ತನಕ ಕಾಯಬೇಕಾಗಿಲ್ಲ. ಇದರ ಹಿಂದಿನ ವಿಚಾರ ತಿಳಿದವರು ಕಾರ್ಡಿನಲ್ಲಿ ಇಲ್ಲದ ಪದವನ್ನೂ ತಾವೇ ಸೇರಿಸುತ್ತಾರೆ. ತಿಳಿಯದವರು ಕಾರ್ಡು ಹಂಚಿ ಕೂರುತ್ತಾರೆ. ನೆನಪಿಡಿ, ಆ ಕಾರ್ಡು ಬರೆದವರು ನಿಮ್ಮ ಹಾಗೆ ಪ್ರಾಥಮಿಕ ಶಾಲೆಯ ಮಾಸ್ತರರು, ಅಕ್ಕೋರು. ಅವರಿಂದ ಆದದ್ದು ನಿಮ್ಮಿಂದಲೂ ಆಗುತ್ತದೆ.

ಗಟ್ಟಿಯಾಗಿ ಓದಿ ಹೇಳುವುದರ ಬಗ್ಗೆ ಒಂದೆರಡು ಮಾತು. ದಿನಾ ಹತ್ತು ನಿಮಿಷ ಮಕ್ಕಳಿಗೆ ಒಂದು ಕಥೆ ಓದಿ ಹೇಳಿ. ಪ್ರಶ್ನೋತ್ತರ ಬೇಡ, ನೀತಿ ಕೇಳುವುದು ಬೇಡ. ನಡುವೆ ಒಂದು ಕಡೆ ನಿಲ್ಲಿಸಿ, 'ಈಗ ಏನಾಗಬಹುದು?' ಅಂತ ಕೇಳಿ ಮುಂದೆ ಹೋಗಿ. ಮನೆಯಲ್ಲಿ ಪುಸ್ತಕವೇ ಇಲ್ಲದ ಮಗುವಿಗೆ ಬರಹದ ಭಾಷೆ ಕಿವಿಗೆ ಬೀಳುವುದು ಇಲ್ಲಿ ಮಾತ್ರ. ಶಾಲೆಯ ಗ್ರಂಥಾಲಯದ ಕಪಾಟಿನ ಬೀಗ ತೆಗೆಯಿರಿ. ಪುಸ್ತಕ ಹರಿದರೆ ಹರಿಯಲಿ, ಗೋಂದು ಹಚ್ಚಿ ಅಂಟಿಸೋಣ.

ನಮ್ಮ ಕಡೆ ಇರುವ ಒಂದು ದೊಡ್ಡ ಸಂಪತ್ತನ್ನು ಭಾಷೆಯ ತರಗತಿಗೆ ನಾವು ತಂದೇ ಇಲ್ಲ ಅನ್ನುವುದು ನನ್ನ ಬೇಸರ. ತಾಳಮದ್ದಳೆ ನೀವೆಲ್ಲ ನೋಡಿದ್ದೀರಿ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಮಾತು ಕಟ್ಟುತ್ತಾರೆ. ಬರೆದುಕೊಂಡ ಮಾತಲ್ಲ, ಎದುರಿನವನು ಏನು ಹೇಳಿದ ಅಂತ ಕೇಳಿಸಿಕೊಂಡು ಅದಕ್ಕೆ ಕೊಡುವ ಉತ್ತರ. ನಾಲ್ಕು, ಐದನೇ ತರಗತಿಗೆ ಇದಕ್ಕಿಂತ ಒಳ್ಳೆಯ ಮಾತಿನ ಅಭ್ಯಾಸ ನನಗಂತೂ ಗೊತ್ತಿಲ್ಲ. ವಾಲಿವಧೆಯಲ್ಲಿ ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನಲ್ಲ, 'ಮರೆಯಲ್ಲಿ ನಿಂತು ಹೊಡೆದದ್ದು ನ್ಯಾಯವೇ?' ಅಂತ. ಈ ಪ್ರಶ್ನೆಯನ್ನು ಮಕ್ಕಳ ಮುಂದಿಡಿ. ಇಬ್ಬರನ್ನು ಎದುರುಬದುರು ಕೂರಿಸಿ. ನಿಯಮ ಒಂದೇ: ಎದುರಿನವನ ಮಾತನ್ನು ಮೊದಲು ಒಂದು ಸಾಲಿನಲ್ಲಿ ಹೇಳಿ, ಆಮೇಲೆ ನಿನ್ನ ಉತ್ತರ ಕೊಡು. ಪುರಾಣದ ಕಥೆ ಗೊತ್ತಿಲ್ಲದ ಮಕ್ಕಳಿದ್ದರೆ ಬೇರೆ ವಿಷಯ ತಗೊಳ್ಳಿ. ಶಿರಸಿಯ ಶಾಲೆಯಾದರೆ ಅಡಿಕೆ ತೋಟಕ್ಕೆ ಬರುವ ಮಂಗ ಒಂದು ಕಡೆ, ತೋಟದ ಯಜಮಾನ ಇನ್ನೊಂದು ಕಡೆ. 'ನಮ್ಮ ಕಾಡಿನ ಹಣ್ಣಿನ ಮರ ಕಡಿದವರು ಯಾರು?' ಅಂತ ಮಂಗ ಕೇಳಿದರೆ ಯಜಮಾನ ಏನು ಹೇಳುತ್ತಾನೆ? ಮಕ್ಕಳು ಬಿಡುವುದೇ ಇಲ್ಲ, ಬೆಲ್ ಹೊಡೆದರೂ ಮುಗಿಯುವುದಿಲ್ಲ. ಮಾತಾಡಿದ ಮೇಲೆ ಅದೇ ವಾದವನ್ನು ಐದು ಸಾಲು ಬರೆಯಲು ಹೇಳಿ. 'ಏನು ಬರೆಯಲಿ ಸರ್' ಅಂತ ಒಬ್ಬರೂ ಕೇಳುವುದಿಲ್ಲ.

ಹಾಡಿನದೂ ಇದೇ ಕಥೆ. ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. ಶಾಲೆಗೆ ಹೋಗದ ಆ ತಾಯಿಯ ನೆನಪಿನಲ್ಲಿ ರಾಶಿ ರಾಶಿ ಹಾಡುಗಳಿದ್ದವು. 2025ರಲ್ಲಿ ಅವರು ತೀರಿಕೊಂಡರು. ನಿಮ್ಮ ಶಾಲೆಯ ಊರಿನಲ್ಲೂ ಹಾಡು ಬಲ್ಲ ಅಜ್ಜಿಯರು ಇನ್ನೂ ಇದ್ದಾರೆ. ಅವರನ್ನು ವಾರ್ಷಿಕೋತ್ಸವದ ವೇದಿಕೆಗೆ ಕರೆದು ಶಾಲು ಹೊದೆಸಿ ಕಳಿಸಿದರೆ ಸಾಲದು. ಒಂದು ಮಧ್ಯಾಹ್ನ ತರಗತಿಗೆ ಕರೆಯಿರಿ. ಮಕ್ಕಳು ಕೇಳಲಿ, ನಾಲ್ಕು ಸಾಲು ಬರೆದುಕೊಳ್ಳಲಿ, ತಿಳಿಯದ ಮಾತನ್ನು ಅಜ್ಜಿಯ ಹತ್ತಿರವೇ ಕೇಳಲಿ. ದೊಡ್ಡ ಮಕ್ಕಳಿಗೆ ಚುಟುಕ ಇದೆ. ಅಂಕೋಲಾ ತಾಲ್ಲೂಕಿನವರೇ ಆದ ದಿನಕರ ದೇಸಾಯಿಯವರು ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಈ ಜಿಲ್ಲೆಯಲ್ಲಿ ಶಾಲೆಗಳನ್ನು ತೆರೆದವರು. ನಾಲ್ಕು ಸಾಲಿನ ಚುಟುಕವನ್ನು ಕನ್ನಡದ ಮನೆಮನೆಗೆ ತಲುಪಿಸಿದವರೂ ಅವರೇ. ನಾಲ್ಕೇ ಸಾಲು, ಕೊನೆಯಲ್ಲಿ ಪ್ರಾಸ. ಐದನೇ ತರಗತಿಯ ಮಗು ಸುಮ್ನೆ ಪ್ರಯತ್ನಿಸಿ ನೋಡಲು ಇದು ಹೇಳಿ ಮಾಡಿಸಿದ ಅಳತೆ.

ಬರಹಕ್ಕೆ ಬಂದರೆ ನಮ್ಮ ಶಾಲೆಗಳಲ್ಲಿ ಜಾಸ್ತಿ ನಡೆಯುವುದು ನಕಲು. ಬೋರ್ಡಿನಿಂದ ಪುಸ್ತಕಕ್ಕೆ, ಪುಸ್ತಕದಿಂದ ಪುಸ್ತಕಕ್ಕೆ. ಅಕ್ಷರ ದುಂಡಗಾಗಲು ಅದು ಬೇಕು. ಆದರೆ ತನ್ನ ಮನಸ್ಸಿನಲ್ಲಿದ್ದದ್ದನ್ನು ಬರೆಯುವ ಕೆಲಸ ಒಂದನೇ ತರಗತಿಯಿಂದಲೇ ಶುರುವಾಗಬೇಕು, ತಪ್ಪಾದರೂ ಸರಿ. ಎರಡನೇ ತರಗತಿಯ ಮಗು ಹೀಗೆ ಬರೆದಿದೆ ಅಂದುಕೊಳ್ಳಿ: 'ಅಪ ಬೊಟಿಗೆ ಹೊದ. ಮಿನು ಸಿಕಿಲ. ಅಮ ಬೈದಳು.' ಸುಮಾರು ಜನ ಇಲ್ಲಿ ತಪ್ಪುಗಳನ್ನು ಎಣಿಸುತ್ತಾರೆ. ನೀವು ಏನು ಗೊತ್ತಿದೆ ಅಂತ ಮೊದಲು ನೋಡಿ. ಮಗುವಿಗೆ ವಾಕ್ಯ ಎಲ್ಲಿ ಮುಗಿಯುತ್ತದೆ ಅನ್ನುವುದು ಗೊತ್ತು. ಒಂದು ಘಟನೆಯನ್ನು ಕ್ರಮವಾಗಿ ಹೇಳುವುದು ಗೊತ್ತು. ಗುಣಿತದ ಚಿಹ್ನೆ ಹಚ್ಚುವುದು ಗೊತ್ತು. ಇನ್ನು ಬಾರದ್ದು ಎರಡೇ: ದೀರ್ಘ ಮತ್ತು ಒತ್ತಕ್ಷರ. ಅಂದರೆ ಮುಂದಿನ ಎರಡು ವಾರದ ಕೆಲಸ ಏನು ಅಂತ ಮಗುವೇ ನಿಮಗೆ ಬರೆದು ಕೊಟ್ಟಿದೆ! ಮೊದಲು ದೀರ್ಘ ತಗೊಳ್ಳಿ, ಬಾಯಲ್ಲಿ ಎಳೆದು ಹೇಳಿಸಿ, ಆಮೇಲೆ ಬರೆಸಿ. ಒತ್ತಕ್ಷರ ಸಾವಕಾಶ ಬರಲಿ. ಎಲ್ಲವನ್ನೂ ಒಂದೇ ದಿನ ತಿದ್ದಿದರೆ ನಾಳೆ ಆ ಮಗು 'ಅಪ ಬೊಟಿಗೆ ಹೊದ' ಕೂಡ ಬರೆಯುವುದಿಲ್ಲ. ಮಗುವಿನ ಮಾತಿಗೂ ಉತ್ತರ ಕೊಡಿ. 'ಮರುದಿನ ಮೀನು ಸಿಕ್ಕಿತಾ?' ಅಂತ ಕೆಳಗೆ ಒಂದು ಸಾಲು ಬರೆಯಿರಿ. ನಿಮ್ಮ ಸಾಲಿನಲ್ಲಿ ಸರಿಯಾದ ದೀರ್ಘವೂ ಇದೆ, ಒತ್ತೂ ಇದೆ. ಮಗು ಅದನ್ನು ನೋಡುತ್ತದೆ.

ಇಂಥ ಬರಹಗಳನ್ನು ತಿಂಗಳಿಗೆ ಒಂದರಂತೆ ತಾರೀಕು ಹಾಕಿ ಒಂದು ಕಡತದಲ್ಲಿ ಇಡಿ. 2021ರ ಜುಲೈನಲ್ಲಿ ಶುರುವಾದ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆಯ ಗುರಿ ನಿಮಗೆ ಗೊತ್ತು. 2026–27ರ ಹೊತ್ತಿಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವೂ ಅರ್ಥ ಮಾಡಿಕೊಂಡು ಓದಬೇಕು, ಬರೆಯಬೇಕು. ಆ ಗುರಿಯ ಕಡೆ ಮಗು ಎಷ್ಟು ನಡೆದಿದೆ ಅಂತ ತಿಳಿಯಲು ಅಂಕಪಟ್ಟಿಗಿಂತ ಈ ಕಡತ ಚೆನ್ನಾಗಿ ಸಹಾಯ ಮಾಡುತ್ತದೆ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಗೆ ಬಂದ ತಾಯಿಗೂ ಇದನ್ನೇ ತೋರಿಸಿ. ಓದು ಬಾರದ ತಾಯಿಗೂ ಜುಲೈನ ಹಾಳೆ, ಡಿಸೆಂಬರಿನ ಹಾಳೆ ಪಕ್ಕಪಕ್ಕ ಇಟ್ಟರೆ ಕಾಣುತ್ತದೆ.

ವರ್ಷದ ಯೋಜನೆಯನ್ನು ಊರಿನ ವರ್ಷಕ್ಕೆ ಹೊಂದಿಸಿ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಮೀನುಗಾರರ ಮನೆಯಲ್ಲಿ ಅಪ್ಪ, ಚಿಕ್ಕಪ್ಪ ಇರುತ್ತಾರೆ, ಬಲೆ ರಿಪೇರಿ ನಡೆಯುತ್ತಿರುತ್ತದೆ. ಮಳೆ ರಜೆಗಳೂ ಆಗಲೇ ಬರುತ್ತವೆ. ಮನೆಯವರ ಹತ್ತಿರ ಕಥೆ ಕೇಳಿಕೊಂಡು ಬರುವ ಕೆಲಸಕ್ಕೆ ಅದು ಸರಿಯಾದ ಕಾಲ. ಅಘನಾಶಿನಿ ನದಿಯ ಗಜನಿಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಯಲ್ಲಿ, ಉಪ್ಪುನೀರಿಗೂ ಜಗ್ಗದ ಕಗ್ಗ ಭತ್ತ ಬೆಳೆಯುತ್ತಾರೆ. ಆ ಊರಿನ ಮಕ್ಕಳು ಬಿತ್ತನೆಯಿಂದ ಕೊಯ್ಲಿನ ತನಕ ನೋಡಿದ್ದನ್ನು ಬರೆಯುತ್ತ ಹೋದರೆ ವರ್ಷದ ಕೊನೆಗೆ ಒಂದು ಪುಸ್ತಕವೇ ಆಗುತ್ತದೆ. ಬೇಸಿಗೆಗೆ ಸಾಣಿಕಟ್ಟೆಯ ಉಪ್ಪಿನ ಆಗರ ಇದೆ. ಐದನೇ ತರಗತಿಯಾದರೆ ಅಲ್ಲಿಂದ 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹಕ್ಕೆ ಹೋಗಬಹುದು. ಹೋಳಿಯ ಹೊತ್ತಿಗೆ ಸುಗ್ಗಿ ಕುಣಿತದ ಮೇಳ ಮನೆ ಬಾಗಿಲಿಗೆ ಬರುತ್ತದೆ. ಪುಸ್ತಕದ ಪಾಠಗಳನ್ನು ಇದರ ಅಕ್ಕಪಕ್ಕ ಇಟ್ಟು ನೋಡಿ. ಕೆಲವು ತಾವಾಗಿಯೇ ಕೂಡಿಕೊಳ್ಳುತ್ತವೆ, ಕೆಲವನ್ನು ಹಿಂದೆ ಮುಂದೆ ಮಾಡಬೇಕಾಗುತ್ತದೆ.

ಇನ್ನು ತರಬೇತಿ ಕೊಡುವ ನಮ್ಮಂಥವರ ಬಗ್ಗೆ. ಅಭ್ಯಾಸ ಬೋಧನೆಯಲ್ಲಿ ನೀವು ಒಂದೊಂದೇ ಪಾಠ ಮಾಡುತ್ತೀರಿ. ಇವತ್ತು ಒಂದು ತರಗತಿ, ನಾಳೆ ಇನ್ನೊಂದು. ಪಾಠಯೋಜನೆ ಚೆಂದ ಬರೆದು ಸಹಿ ಹಾಕಿಸಿಕೊಳ್ಳುತ್ತೀರಿ. ಆದರೆ ಇವತ್ತು ಮಗು ಬರೆದದ್ದನ್ನು ನೋಡಿ ನಾಳೆಯ ಕೆಲಸ ಬದಲಿಸುವ ಅವಕಾಶವೇ ನಿಮಗೆ ಸಿಗುವುದಿಲ್ಲ. ಭಾಷೆಗಾದರೂ ಒಂದು ತಿಂಗಳು ಪೂರ್ತಿ ಅದೇ ಮಕ್ಕಳ ಜತೆ ಇರಲು ಬಿಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇನ್ನೊಂದು, ತರಬೇತಿಯಲ್ಲಿ ನೀವೂ ಬರೆಯಬೇಕು. ಕಥೆ, ಚುಟುಕ, ನಿಮ್ಮ ಊರಿನ ಒಂದು ನೆನಪು. ಖಾಲಿ ಹಾಳೆಯ ಮುಂದೆ ಕೂತು ಗೊತ್ತಿರುವವರಿಗೆ ಮಾತ್ರ ಮಗುವಿನ ಕಷ್ಟ ತಿಳಿಯುತ್ತದೆ. ಸೇವೆಗೆ ಸೇರಿದವರಿಗೆ ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆ ಇದೆ. ಸುತ್ತೋಲೆ ಓದಿ ಮುಗಿಸುವ ಬದಲು ಪ್ರತಿಯೊಬ್ಬರೂ ಒಂದು ಮಗುವಿನ ಒಂದು ಬರಹ ತಂದು ಅದರ ಬಗ್ಗೆ ಮಾತಾಡಿ. ಅರ್ಧ ಗಂಟೆ ಸಾಕು.

ನಾಳೆ ಮಧ್ಯಾಹ್ನದ ಅವಧಿಯಲ್ಲಿ ನಾವು ಒಂದು ತಿಂಗಳ ಯೋಜನೆ ಬರೆಯಲು ಕೂರುತ್ತೇವೆ. ಇಬ್ಬಿಬ್ಬರ ಜೋಡಿ. ಕಾರವಾರದವರು ಶಿರಸಿಯವರ ಜತೆ ಕೂತುಕೊಳ್ಳಿ, ಭಟ್ಕಳದವರು ಹಳಿಯಾಳದವರ ಜತೆ. ನಿಮ್ಮ ಊರಿನ ಶಾಲೆಗೆ ಆ ಊರನ್ನೇ ಕಾಣದ ನಿಮ್ಮ ಜೋಡಿ ಯೋಜನೆ ಬರೆಯಲಿ, ನೀವು ಅವರದ್ದಕ್ಕೆ ಬರೆಯಿರಿ. ಬರೆಯುವ ಮೊದಲು ಏನೇನು ಕೇಳಿ ತಿಳಿಯಬೇಕಾಯಿತು ಅನ್ನುವುದನ್ನು ಬೇರೆ ಹಾಳೆಯಲ್ಲಿ ಗುರುತು ಮಾಡಿಕೊಂಡು ಬನ್ನಿ. ನಾವು ಮೊದಲು ಚರ್ಚೆಗೆ ತಗೊಳ್ಳುವುದು ಆ ಹಾಳೆಯನ್ನು.